ದಿನಾಂಕ ಹಾಕಿದರೆ ಫಾರ್ಮ್ ಖಾಲಿ: ಆ್ಯಕ್ಸೆಸ್‌ನಲ್ಲಿ ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ಫಾರ್ಮ್‌ನ ಮೇಲ್ಭಾಗದಲ್ಲಿ ಎರಡು ಬಾಕ್ಸ್. ಒಂದರಲ್ಲಿ ಯಾವ ದಿನದಿಂದ, ಇನ್ನೊಂದರಲ್ಲಿ ಯಾವ ದಿನದವರೆಗೆ. ದಿನಾಂಕ ಹಾಕಿ ಬಟನ್ ಒತ್ತಿದರೆ ಆ ಅವಧಿಯ ಆರ್ಡರ್‌ಗಳು ಕೆಳಗೆ ಬರಬೇಕು. ಬರುವುದಿಲ್ಲ. ಎರರ್ ಕೂಡ ಇಲ್ಲ, ಬರೀ ಖಾಲಿ ಜಾಗ. ಟೇಬಲ್ ತೆರೆದು ನೋಡಿದರೆ ಅದೇ ದಿನಾಂಕದ ರೆಕಾರ್ಡ್‌ಗಳು ಕಣ್ಣೆದುರೇ ಇವೆ. ಮೈಕ್ರೋಸಾಫ್ಟ್ ಆ್ಯಕ್ಸೆಸ್ ಎಂಬ ಡೇಟಾಬೇಸ್ ಸಾಫ್ಟ್‌ವೇರ್‌ನಲ್ಲಿ ಸ್ವಲ್ಪ ಕಾಲ ಕೆಲಸ ಮಾಡಿದವರಿಗೆ ಈ ತಲೆನೋವು ಗೊತ್ತೇ ಇರುತ್ತದೆ.

ಇಂಥ ಹೊತ್ತಲ್ಲಿ ಜಾಸ್ತಿ ಜನ ಮೊದಲು ಕೈ ಹಾಕುವುದು ಫಾರ್ಮ್‌ಗೆ. ಕಂಟ್ರೋಲ್ (ಫಾರ್ಮ್ ಮೇಲಿನ ಬಾಕ್ಸ್, ಬಟನ್) ಅಳಿಸಿ ಮತ್ತೆ ಹಾಕುತ್ತಾರೆ, ಫಾರ್ಮನ್ನೇ ಹೊಸದಾಗಿ ಮಾಡುತ್ತಾರೆ. ಅದು ಕೊನೆಗೆ ಮಾಡಬೇಕಾದ ಕೆಲಸ. ಹೆಚ್ಚಿನ ಸಲ ಫಾರ್ಮ್ ಸರಿಯಾಗಿಯೇ ಇರುತ್ತದೆ. ಟೇಬಲ್‌ನಿಂದ ಬೇಕಾದ ಸಾಲುಗಳನ್ನು ಆರಿಸಿ ಕೊಡುವ ಕ್ವೆರಿ ಒಂದೂ ಸಾಲು ಕೊಡಲಿಲ್ಲ, ಹಾಗಾಗಿ ಫಾರ್ಮ್ ಒಂದೂ ಸಾಲು ತೋರಿಸಲಿಲ್ಲ. ಕ್ವೆರಿ ಯಾಕೆ ಕೊಡಲಿಲ್ಲ ಅಂದರೆ, ನೀವು ಪರದೆಯ ಮೇಲೆ ನೋಡಿದ ದಿನಾಂಕ ಒಂದು, ಕ್ವೆರಿಗೆ ತಲುಪಿದ ದಿನಾಂಕ ಇನ್ನೊಂದು. ಈ ಎರಡರ ನಡುವೆ ಎಲ್ಲಿ ವ್ಯತ್ಯಾಸ ಆಯಿತು ಎಂದು ಹುಡುಕುವುದೇ ಇಲ್ಲಿನ ಕೆಲಸ.

ಓದುವ ಮೊದಲು ಒಂದು ಮಾತು. ಕಮಾಂಡ್ ಮತ್ತು ಫಂಕ್ಷನ್‌ಗಳ ಹೆಸರನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಕಾಗುಣಿತವೇ ಬೇಕು.

ಮೊದಲು ಫಾರ್ಮ್ ಬಿಡಿ, ಕ್ವೆರಿ ನೋಡಿ

ಫಾರ್ಮ್ ತೆರೆದೇ ಇರಲಿ. ಎರಡೂ ಬಾಕ್ಸ್‌ನಲ್ಲಿ ದಿನಾಂಕ ಹಾಕಿ, ಟ್ಯಾಬ್ ಒತ್ತಿ ಹೊರಗೆ ಬನ್ನಿ. ಈಗ ಎಡಗಡೆಯ ಪಟ್ಟಿಯಿಂದ ಆ ಕ್ವೆರಿಯನ್ನು ನೇರವಾಗಿ ತೆರೆಯಿರಿ. ಮೂರರಲ್ಲಿ ಒಂದು ಆಗುತ್ತದೆ. ಸಾಲುಗಳು ಬಂದರೆ ಕ್ವೆರಿಯಲ್ಲಿ ತಪ್ಪಿಲ್ಲ, ತೊಂದರೆ ಫಾರ್ಮ್‌ನದ್ದೇ. ಸಾಲು ಬರದಿದ್ದರೆ ಕ್ವೆರಿಯಲ್ಲಿ ಅಥವಾ ಟೇಬಲ್‌ನಲ್ಲಿ ತಪ್ಪಿದೆ. ಚಿಕ್ಕ ಕಿಟಕಿಯೊಂದು ತೆರೆದು ಬೆಲೆ (ವ್ಯಾಲ್ಯೂ) ಕೇಳಿದರೆ ಯಾವುದೋ ಹೆಸರು ಆ್ಯಕ್ಸೆಸ್‌ಗೆ ಸಿಕ್ಕಿಲ್ಲ.

ಸಾಲು ಬರಲಿಲ್ಲ ಅಂದುಕೊಳ್ಳೋಣ. ಕ್ವೆರಿಯ ಒಂದು ಕಾಪಿ ಮಾಡಿ, ಅದರಿಂದ ದಿನಾಂಕದ ಷರತ್ತನ್ನು ಪೂರ್ತಿ ತೆಗೆದು ಓಡಿಸಿ. ಆಗಲೂ ಖಾಲಿಯೇ? ಹಾಗಾದರೆ ದಿನಾಂಕವನ್ನು ಸುಮ್ನೆ ಅನುಮಾನಿಸಿದಿರಿ. ಎರಡು ಟೇಬಲ್ ಸೇರಿಸುವ ಜಾಯಿನ್‌ನಲ್ಲಿ ಹೊಂದಾಣಿಕೆ ಇಲ್ಲ, ಅಥವಾ ಬೇರೆ ಯಾವುದೋ ಕಾಲಂನ ಷರತ್ತು ಎಲ್ಲವನ್ನೂ ತಡೆಯುತ್ತಿದೆ. ಷರತ್ತು ತೆಗೆದ ಮೇಲೆ ಸಾಲುಗಳು ಬಂದರೆ, ಕ್ವೆರಿಯ ಷರತ್ತು ಬರೆಯುವ ಡಿಸೈನ್ ಗ್ರಿಡ್‌ನಲ್ಲಿ ಬಾಕ್ಸ್‌ನ ಹೆಸರಿನ ಬದಲು ಒಂದು ನಿಜವಾದ ದಿನಾಂಕ ಬರೆದು ಓಡಿಸಿ. ಕೈಯಲ್ಲಿ ಬರೆದ ದಿನಾಂಕಕ್ಕೆ ಸಾಲು ಬಂದು, ಬಾಕ್ಸ್‌ನ ದಿನಾಂಕಕ್ಕೆ ಬರದಿದ್ದರೆ, ಬಾಕ್ಸ್‌ನಿಂದ ಕ್ವೆರಿಗೆ ಹೋಗುವ ದಾರಿಯಲ್ಲಿ ತಪ್ಪಿದೆ. ಎರಡಕ್ಕೂ ಬರದಿದ್ದರೆ ಟೇಬಲ್‌ನಲ್ಲಿರುವ ದಿನಾಂಕವೇ ನೀವು ಅಂದುಕೊಂಡ ಹಾಗೆ ಇಲ್ಲ.

ಇಷ್ಟು ಮಾಡಲು ಐದು ನಿಮಿಷ ಸಾಕು. ಇದನ್ನು ಮಾಡದೆ ಮುಂದಿನದಕ್ಕೆ ಹೋಗಬೇಡಿ.

ಒಳಗೆ ಇರುವುದು ಒಂದು ಸಂಖ್ಯೆ

ಆ್ಯಕ್ಸೆಸ್‌ನ ದಿನಾಂಕದ ಫೀಲ್ಡ್‌ನಲ್ಲಿ (ಟೇಬಲ್‌ನ ಕಾಲಂನಲ್ಲಿ) ದಿನ, ತಿಂಗಳು, ವರ್ಷ ಎಂದು ಬೇರೆ ಬೇರೆ ಇರುವುದಿಲ್ಲ. ಇರುವುದು ಒಂದು ದಶಮಾಂಶ ಸಂಖ್ಯೆ. 1899ರ ಡಿಸೆಂಬರ್ 30 ಅಂದರೆ ಸೊನ್ನೆ. ಅಲ್ಲಿಂದ ಒಂದೊಂದು ದಿನಕ್ಕೂ ಒಂದೊಂದು ಕೂಡುತ್ತಾ ಬಂದರೆ 2000ದ ಜನವರಿ 1 ಎಂಬುದು 36526 ಆಗುತ್ತದೆ, 2024ರ ಜನವರಿ 1 ಎಂಬುದು 45292. ಚುಕ್ಕೆಯ ಆಚೆ ಇರುವುದು ಗಂಟೆ. 45292.5 ಅಂದರೆ ಅದೇ ದಿನ ಮಧ್ಯಾಹ್ನ 12, 45292.75 ಅಂದರೆ ಸಂಜೆ 6.

ಪರದೆಯ ಮೇಲೆ ಕಾಣುವ 01/01/2024 ಎಂಬುದು ಆ ಸಂಖ್ಯೆಯ ವೇಷ ಅಷ್ಟೇ. ವೇಷ ಹೇಗಿರಬೇಕು ಎಂದು ಹೇಳುವುದು ವಿಂಡೋಸ್‌ನ ಪ್ರಾದೇಶಿಕ ಸೆಟ್ಟಿಂಗ್ ಮತ್ತು ಫೀಲ್ಡ್‌ನ ಫಾರ್ಮ್ಯಾಟ್ ಪ್ರಾಪರ್ಟಿ. ಹೋಲಿಕೆ ಮಾಡುವಾಗ ಕ್ವೆರಿ ನೋಡುವುದು ಸಂಖ್ಯೆಯನ್ನು, ವೇಷವನ್ನಲ್ಲ. ಕೆಳಗೆ ಬರುವ ಅರ್ಧದಷ್ಟು ತೊಂದರೆಗಳು ಹುಟ್ಟುವುದು ಇಲ್ಲೇ. ಅನುಮಾನ ಬಂದಾಗಲೆಲ್ಲ ದಿನಾಂಕವನ್ನು ಸಿಡಬಲ್ (CDbl) ಫಂಕ್ಷನ್‌ನಿಂದ ಸಂಖ್ಯೆ ಮಾಡಿ ನೋಡಿ. ಸಂಖ್ಯೆ ನೋಡಿದ ಮೇಲೆ ವಾದಕ್ಕೆ ಜಾಗ ಇರುವುದಿಲ್ಲ.

ದಿನ ಮೊದಲೋ, ತಿಂಗಳು ಮೊದಲೋ

ಅತಿ ಹೆಚ್ಚು ಸತಾಯಿಸುವ ದೋಷ ಇದು. ಸತಾಯಿಸಲು ಕಾರಣ, ಅದು ತಿಂಗಳಲ್ಲಿ ಕೆಲವು ದಿನ ಮಾತ್ರ ಕಾಣಿಸಿಕೊಳ್ಳುತ್ತದೆ.

ಬಟನ್‌ನ ಹಿಂದಿರುವ ಕೋಡ್‌ನಲ್ಲಿ ಎಸ್‌ಕ್ಯೂಎಲ್ (ಕ್ವೆರಿ ಬರೆಯುವ ಭಾಷೆ) ವಾಕ್ಯವನ್ನು ತುಂಡು ತುಂಡಾಗಿ ಜೋಡಿಸುವ ಅಭ್ಯಾಸ ತುಂಬ ಜನರಿಗಿದೆ. ಫೀಲ್ಡ್‌ನ ಹೆಸರು, ಹೋಲಿಕೆಯ ಗುರುತು, ಒಂದು ಹ್ಯಾಷ್ (#), ಬಾಕ್ಸ್‌ನ ಬೆಲೆ, ಇನ್ನೊಂದು ಹ್ಯಾಷ್. ಜೋಡಿಸುವಾಗ ಬಾಕ್ಸ್‌ನಲ್ಲಿದ್ದ ದಿನಾಂಕ ಅಕ್ಷರಗಳ ಸಾಲಾಗುತ್ತದೆ. ಹಾಗೆ ಆಗುವಾಗ ವಿಂಡೋಸ್ ಸೆಟ್ಟಿಂಗ್ ಪ್ರಕಾರ ಆಗುತ್ತದೆ. ದಿನ-ತಿಂಗಳು-ವರ್ಷ ಎಂಬ ಸೆಟ್ಟಿಂಗ್ ಇದ್ದರೆ ಏಪ್ರಿಲ್ 3 ಎಂಬುದು #03/04/2024# ಎಂದು ಬರುತ್ತದೆ. ಆದರೆ ಎಸ್‌ಕ್ಯೂಎಲ್ ವಾಕ್ಯದಲ್ಲಿ ಹ್ಯಾಷ್‌ಗಳ ನಡುವೆ ಇರುವುದನ್ನು ಆ್ಯಕ್ಸೆಸ್ ಯಾವಾಗಲೂ ಅಮೆರಿಕದ ಕ್ರಮದಲ್ಲಿ, ಅಂದರೆ ತಿಂಗಳು ಮೊದಲು ಎಂದು ಓದುತ್ತದೆ. ನಿಮ್ಮ ವಿಂಡೋಸ್ ಸೆಟ್ಟಿಂಗ್ ಏನೇ ಇರಲಿ, ಅದಕ್ಕೆ ಸಂಬಂಧವಿಲ್ಲ. ಹಾಗಾಗಿ ಏಪ್ರಿಲ್ 3 ಹೋಗಿ ಮಾರ್ಚ್ 4 ಆಯಿತು.

ಇದಕ್ಕಿಂತ ಕೆಟ್ಟದ್ದು ಮುಂದಿದೆ. #25/12/2024# ಎಂದು ಕೊಟ್ಟರೆ ಏನಾಗಬೇಕು? 25ನೇ ತಿಂಗಳು ಇಲ್ಲ, ಎರರ್ ಬರಬೇಕು ಅಲ್ವಾ? ಬರುವುದಿಲ್ಲ. ಆ್ಯಕ್ಸೆಸ್ ಸದ್ದಿಲ್ಲದೆ ದಿನ ಮತ್ತು ತಿಂಗಳನ್ನು ಅದಲುಬದಲು ಮಾಡಿ ಡಿಸೆಂಬರ್ 25 ಎಂದು ತಗೊಳ್ಳುತ್ತದೆ. ಉಪಕಾರ ಮಾಡಲು ಹೋಗಿ ಮಾಡಿದ ಅಪಕಾರ ಇದು. ಇದರಿಂದಾಗಿ 13ನೇ ತಾರೀಕಿನಿಂದ ಮೇಲೆ ಎಲ್ಲ ಸರಿ, 1ರಿಂದ 12ರವರೆಗೆ ತಪ್ಪು. ತಿಂಗಳ ಕೊನೆಯಲ್ಲಿ ಪರೀಕ್ಷೆ ಮಾಡಿ "ಆಯಿತು" ಎಂದು ಕೊಟ್ಟ ಫಾರ್ಮ್, ಮುಂದಿನ ತಿಂಗಳ ಶುರುವಿನಲ್ಲಿ ಕೈಕೊಡುತ್ತದೆ.

ಖಾಲಿ ಫಾರ್ಮ್ ಹೇಗೆ ಬರುತ್ತದೆ ನೋಡಿ. ಏಪ್ರಿಲ್ 10ರಿಂದ ಏಪ್ರಿಲ್ 20ರವರೆಗೆ ಎಂದು ಕೇಳಿದಿರಿ. ಷರತ್ತು >= ಮತ್ತು <= ಬಳಸಿ ಬರೆದಿದೆ. ಮೊದಲ ದಿನಾಂಕ 10/04/2024, ಅದನ್ನು ಅಕ್ಟೋಬರ್ 4 ಎಂದು ಓದಲಾಯಿತು. ಎರಡನೆಯದು 20/04/2024, ಅದಲುಬದಲಾಗಿ ಸರಿಯಾಗಿಯೇ ಏಪ್ರಿಲ್ 20 ಆಯಿತು. ಈಗ ಕ್ವೆರಿ ಹುಡುಕುತ್ತಿರುವುದು ಅಕ್ಟೋಬರ್ 4ರ ನಂತರದ, ಆದರೆ ಏಪ್ರಿಲ್ 20ಕ್ಕಿಂತ ಹಿಂದಿನ ಆರ್ಡರ್‌ಗಳನ್ನು. ಅಂಥದ್ದು ಹೇಗೆ ಸಿಕ್ಕೀತು? ಅದೇ ಏಪ್ರಿಲ್ 1ರಿಂದ 10 ಎಂದು ಕೇಳಿದ್ದರೆ ಅದು ಜನವರಿ 4ರಿಂದ ಅಕ್ಟೋಬರ್ 4 ಆಗುತ್ತಿತ್ತು, ರಾಶಿ ರಾಶಿ ಸಾಲು ಬರುತ್ತಿದ್ದವು. ಒಮ್ಮೆ ಖಾಲಿ, ಒಮ್ಮೆ ಜಾಸ್ತಿ, ಒಮ್ಮೆ ಸರಿ. ಹೀಗೆ ಅಡ್ಡಾದಿಡ್ಡಿ ಆಡುತ್ತಿದ್ದರೆ ಬೇರೆ ಏನನ್ನೂ ನೋಡುವ ಮೊದಲು ಇದನ್ನೇ ನೋಡಿ.

ಕಂಡುಹಿಡಿಯುವುದು ಸುಲಭ. ಕೋಡ್‌ನಲ್ಲಿ ವಾಕ್ಯ ಪೂರ್ತಿ ಜೋಡಿಸಿದ ಮೇಲೆ, ಅದನ್ನು ಓಡಿಸುವ ಮೊದಲು, ಒಂದು ಡಿಬಗ್ ಪ್ರಿಂಟ್ ಸಾಲು ಹಾಕಿ. ಕಂಟ್ರೋಲ್ ಕೀ ಜೊತೆ ಜಿ ಒತ್ತಿದರೆ ಇಮ್ಮೀಡಿಯೆಟ್ ವಿಂಡೋ ತೆರೆಯುತ್ತದೆ, ವಾಕ್ಯ ಅಲ್ಲಿ ಕಾಣುತ್ತದೆ. ಅದನ್ನು ಕಾಪಿ ಮಾಡಿ ಹೊಸ ಕ್ವೆರಿಯ ಎಸ್‌ಕ್ಯೂಎಲ್ ವ್ಯೂನಲ್ಲಿ ಅಂಟಿಸಿ. ಆಮೇಲೆ ಡಿಸೈನ್ ವ್ಯೂಗೆ ಹೋಗಿ. ಡಿಸೈನ್ ಗ್ರಿಡ್ ದಿನಾಂಕವನ್ನು ನಿಮ್ಮ ವಿಂಡೋಸ್ ಸೆಟ್ಟಿಂಗ್ ಪ್ರಕಾರ ತೋರಿಸುತ್ತದೆ. 03/04 ಎಂದು ಅಂಟಿಸಿದ್ದು ಗ್ರಿಡ್‌ನಲ್ಲಿ 04/03 ಎಂದು ಕಂಡರೆ ಸಿಕ್ಕಿಬಿತ್ತು.

ಸರಿ ಮಾಡಲು ಎರಡು ದಾರಿ. ವಾಕ್ಯ ಜೋಡಿಸಲೇಬೇಕು ಎಂದಿದ್ದರೆ, ದಿನಾಂಕವನ್ನು ಫಾರ್ಮ್ಯಾಟ್ ಫಂಕ್ಷನ್ ಮೂಲಕ ವರ್ಷ-ತಿಂಗಳು-ದಿನ ಕ್ರಮಕ್ಕೆ ತನ್ನಿ. ನಾಲ್ಕು ವೈ, ಹೈಫನ್, ಎರಡು ಎಂ, ಹೈಫನ್, ಎರಡು ಡಿ. #2024-04-03# ಎಂಬುದನ್ನು ಆ್ಯಕ್ಸೆಸ್ ಒಂದೇ ರೀತಿ ಓದುತ್ತದೆ, ಅದಕ್ಕೆ ಎರಡನೇ ಅರ್ಥ ಇಲ್ಲ. ಅಮೆರಿಕದ ಕ್ರಮವನ್ನೇ ಬಳಸುವವರು ಇನ್ನೊಂದು ಹಳ್ಳ ನೋಡಿಕೊಳ್ಳಿ. ಫಾರ್ಮ್ಯಾಟ್ ಫಂಕ್ಷನ್‌ನಲ್ಲಿ ಬರೀ ಓರೆಗೆರೆ ಹಾಕಿದರೆ ಅದು ಓರೆಗೆರೆ ಅಲ್ಲ, "ಈ ಕಂಪ್ಯೂಟರ್‌ನ ದಿನಾಂಕದ ವಿಭಜಕ" ಎಂದರ್ಥ. ಚುಕ್ಕೆಯನ್ನು ವಿಭಜಕವಾಗಿ ಇಟ್ಟುಕೊಂಡ ಕಂಪ್ಯೂಟರ್‌ನಲ್ಲಿ ಚುಕ್ಕೆಯೇ ಬರುತ್ತದೆ. ಅದಕ್ಕೇ ಓರೆಗೆರೆಯ ಮುಂದೆ ಒಂದು ಹಿಂಓರೆಗೆರೆ ಹಾಕಬೇಕು.

ನನಗೆ ಇಷ್ಟವಾದದ್ದು ಎರಡನೇ ದಾರಿ. ವಾಕ್ಯ ಜೋಡಿಸುವುದನ್ನೇ ಬಿಡಿ. ಕ್ವೆರಿಯ ಷರತ್ತಿನಲ್ಲಿ ಫಾರ್ಮ್‌ನ ಬಾಕ್ಸ್‌ನ ಹೆಸರನ್ನೇ ಬರೆಯಿರಿ, ಕ್ವೆರಿ ಡಿಸೈನ್‌ನಲ್ಲಿರುವ ಪ್ಯಾರಾಮೀಟರ್ಸ್ ಬಟನ್ ಒತ್ತಿ ಅದೇ ಹೆಸರನ್ನು ದಿನಾಂಕದ ಬಗೆ ಎಂದು ಘೋಷಿಸಿ. ಬಾಕ್ಸ್‌ನ ಫಾರ್ಮ್ಯಾಟ್ ಪ್ರಾಪರ್ಟಿಯನ್ನು ಶಾರ್ಟ್ ಡೇಟ್ ಮಾಡಿ. ಆಗ ಕ್ವೆರಿಗೆ ಹೋಗುವುದು ಅಕ್ಷರಗಳಲ್ಲ, ದಿನಾಂಕದ ಸಂಖ್ಯೆಯೇ. ದಿನ ಮೊದಲೋ ತಿಂಗಳು ಮೊದಲೋ ಎಂಬ ಪ್ರಶ್ನೆಯೇ ಏಳುವುದಿಲ್ಲ. ದಿನಾಂಕ ಅಲ್ಲದ್ದನ್ನು ಯಾರಾದರೂ ಬಾಕ್ಸ್‌ನಲ್ಲಿ ಹಾಕಿದರೆ ಸುಮ್ಮನೆ ಖಾಲಿ ತೋರಿಸುವ ಬದಲು ಆ್ಯಕ್ಸೆಸ್ ಅಲ್ಲೇ ಗೊಣಗುತ್ತದೆ. ಗೊಣಗಿದರೆ ಒಳ್ಳೆಯದೇ.

ಒಂದು ಎಚ್ಚರಿಕೆ. ಸಿಡೇಟ್, ಡೇಟ್‌ವ್ಯಾಲ್ಯೂ ಫಂಕ್ಷನ್‌ಗಳು ಅಕ್ಷರಗಳನ್ನು ದಿನಾಂಕ ಮಾಡುವಾಗ ವಿಂಡೋಸ್ ಸೆಟ್ಟಿಂಗ್ ಅನುಸರಿಸುತ್ತವೆ. ಹ್ಯಾಷ್ ಅಮೆರಿಕದ ಕ್ರಮ ಅನುಸರಿಸುತ್ತದೆ. ಒಂದೇ ಸಾಫ್ಟ್‌ವೇರ್, ಎರಡು ನಿಯಮ. ಎರಡನ್ನೂ ಒಂದೇ ಕೋಡ್‌ನಲ್ಲಿ ಬೆರೆಸಬೇಡಿ.

ಹ್ಯಾಷ್ ಮರೆತರೆ

ಕೋಡ್‌ನಲ್ಲಿ ಹ್ಯಾಷ್ ಹಾಕದೆ ದಿನಾಂಕ ಜೋಡಿಸಿದರೆ ಎರರ್ ಬರುತ್ತದೆ ಎಂದು ತುಂಬ ಜನ ಅಂದುಕೊಂಡಿದ್ದಾರೆ. ಬರುವುದಿಲ್ಲ. 3/4/2024 ಎಂಬುದು ಎಸ್‌ಕ್ಯೂಎಲ್‌ಗೆ ಒಂದು ಭಾಗಾಕಾರ. ಮೂರನ್ನು ನಾಲ್ಕರಿಂದ ಭಾಗಿಸಿ, ಬಂದದ್ದನ್ನು 2024ರಿಂದ ಭಾಗಿಸಿದರೆ ಸುಮಾರು 0.00037. ದಿನಾಂಕವಾಗಿ ನೋಡಿದರೆ 1899ರ ಡಿಸೆಂಬರ್ 30, ಮಧ್ಯರಾತ್ರಿ ಕಳೆದು 32 ಸೆಕೆಂಡ್. ಆ ಕ್ಷಣದಲ್ಲಿ ಯಾರೂ ಆರ್ಡರ್ ಕೊಟ್ಟಿರುವುದಿಲ್ಲ. ಹಾಗಾಗಿ = ಎಂದು ಕೇಳಿದರೆ ಏನೂ ಇಲ್ಲ, < ಎಂದು ಕೇಳಿದರೂ ಏನೂ ಇಲ್ಲ, >= ಎಂದು ಕೇಳಿದರೆ ಇಡೀ ಟೇಬಲ್ ಬರುತ್ತದೆ. ವಿಭಜಕ ಹೈಫನ್ ಆಗಿದ್ದರೆ 3-4-2024 ಎಂಬ ಕಳೆಯುವ ಲೆಕ್ಕ, ಉತ್ತರ -2025. ಅದು 1894ರ ಜೂನ್‌ನ ಒಂದು ದಿನ.

ಹ್ಯಾಷ್ ಬದಲು ಉದ್ಧರಣ ಚಿಹ್ನೆ ಹಾಕಿದ್ದರೆ ನೀವು ಅದೃಷ್ಟವಂತರು. 3464 ಎಂಬ ಎರರ್ ಬರುತ್ತದೆ, ಷರತ್ತಿನಲ್ಲಿ ಡೇಟಾದ ಬಗೆ ಹೊಂದುತ್ತಿಲ್ಲ ಎಂದು ಅದು ನೇರವಾಗಿಯೇ ಹೇಳುತ್ತದೆ. ಆದರೆ ಕೋಡ್‌ನ ಮೇಲೆ "ಎರರ್ ಬಂದರೆ ಮುಂದೆ ಹೋಗು" ಎಂಬ ಆನ್ ಎರರ್ ರೆಸ್ಯೂಮ್ ನೆಕ್ಸ್ಟ್ ಸಾಲು ಕೂತಿದ್ದರೆ ಅದನ್ನೂ ನುಂಗಿಬಿಡುತ್ತದೆ. ದೋಷ ಹುಡುಕುವಾಗ ಆ ಸಾಲನ್ನು ಮೊದಲು ತೆಗೆಯಿರಿ.

ಡಿಸೈನ್ ಗ್ರಿಡ್‌ನಲ್ಲಿ ಕೈಯಲ್ಲಿ ಬರೆಯುವವರಿಗೆ ಈ ಕಾಟ ಇಲ್ಲ. ಅಲ್ಲಿ ಹ್ಯಾಷ್ ತಾನಾಗಿಯೇ ಬರುತ್ತದೆ.

ಕೊನೆಯ ದಿನ ಮಾತ್ರ ಕಾಣೆ

ಏಪ್ರಿಲ್ 1ರಿಂದ 30 ಎಂದು ಕೇಳಿದರೆ 29ರವರೆಗೆ ಬರುತ್ತದೆ, 30ರದ್ದು ಇಲ್ಲ. ಇಲ್ಲವೇ ಅವಧಿ ಕೊಟ್ಟರೆ ಸರಿ, ಒಂದೇ ದಿನ ಕೇಳಿದರೆ ಫಾರ್ಮ್ ಪೂರ್ತಿ ಖಾಲಿ. ಈ ಲಕ್ಷಣ ಕಂಡರೆ ಫೀಲ್ಡ್‌ನಲ್ಲಿ ಗಂಟೆಯೂ ಸೇರಿಕೊಂಡಿದೆ ಎಂದು ಹೇಳಬಹುದು.

ರೆಕಾರ್ಡ್ ಸೇರಿಸುವಾಗ ಡೀಫಾಲ್ಟ್ ಬೆಲೆಯಾಗಿ ಡೇಟ್ ಫಂಕ್ಷನ್ ಬದಲು ನೌ ಫಂಕ್ಷನ್ ಹಾಕಿರುತ್ತಾರೆ. ಡೇಟ್ ಕೊಡುವುದು ದಿನ ಮಾತ್ರ, ನೌ ಕೊಡುವುದು ದಿನದ ಜೊತೆ ಗಂಟೆಯನ್ನೂ. ಬಾಕ್ಸ್‌ನಲ್ಲಿ ನೀವು ಬರೆದ 30 ಎಂಬುದು ಆ ದಿನ ಶುರುವಾದ ಮಧ್ಯರಾತ್ರಿಯ ಕ್ಷಣ. ಬೆಳಿಗ್ಗೆ ಹತ್ತೂವರೆಗೆ ಬಂದ ಆರ್ಡರ್ ಅದಕ್ಕಿಂತ ದೊಡ್ಡ ಸಂಖ್ಯೆ. ಬಿಟ್ವೀನ್ ಎಂದು ಕೇಳಿದರೆ ಅದು ಹೊರಗೇ ಉಳಿಯುತ್ತದೆ. = ಎಂದು ಕೇಳಿದರೆ ಸರಿಯಾಗಿ ಮಧ್ಯರಾತ್ರಿಯಲ್ಲಿ ದಾಖಲಾದದ್ದು ಮಾತ್ರ ಬರಬೇಕು. ಅಂಥದ್ದು ಎಲ್ಲಿರುತ್ತದೆ?

ಟೇಬಲ್ ತೆರೆದು ನೋಡಿದರೂ ಗಂಟೆ ಕಾಣದೇ ಇರಬಹುದು. ಫೀಲ್ಡ್‌ನ ಫಾರ್ಮ್ಯಾಟ್ ಶಾರ್ಟ್ ಡೇಟ್ ಆಗಿದ್ದರೆ ಗಂಟೆಯನ್ನು ಅದು ಮುಚ್ಚಿಡುತ್ತದೆ, ಅಳಿಸುವುದಿಲ್ಲ. ಫಾರ್ಮ್ಯಾಟನ್ನು ಜನರಲ್ ಡೇಟ್ ಮಾಡಿ ನೋಡಿ. ಗಂಟೆ ಇರುವ ಸಾಲುಗಳಲ್ಲಿ ಗಂಟೆ ಕಾಣುತ್ತದೆ, ಇಲ್ಲದವುಗಳಲ್ಲಿ ಬರೀ ದಿನಾಂಕ.

ಇದಕ್ಕೆ ಪರಿಹಾರ ಒಂದೇ, ಎಲ್ಲ ಕಡೆಯೂ ನಡೆಯುವಂಥದ್ದು: ಮೊದಲ ದಿನಕ್ಕೆ >= ಹಾಕಿ, ಕೊನೆಯ ದಿನಕ್ಕೆ ಒಂದು ಕೂಡಿಸಿ < ಹಾಕಿ. ಏಪ್ರಿಲ್ ಪೂರ್ತಿ ಬೇಕಾದರೆ ಏಪ್ರಿಲ್ 1ಕ್ಕೆ ಸಮ ಅಥವಾ ಹೆಚ್ಚು, ಮೇ 1ಕ್ಕಿಂತ ಕಡಿಮೆ. ಫೀಲ್ಡ್‌ನಲ್ಲಿ ಗಂಟೆ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಕೊನೆಯ ದಿನಕ್ಕೆ ರಾತ್ರಿ 11:59:59 ಅಂಟಿಸುವವರೂ ಇದ್ದಾರೆ. ನಡೆಯುತ್ತದೆ, ಆದರೆ ಆ ಕೊನೆಯ ಸೆಕೆಂಡ್‌ನ ಒಳಗೆ ಏನಾದರೂ ಬಂದರೆ ಬಿಟ್ಟುಹೋಗುತ್ತದೆ. ಫೀಲ್ಡನ್ನೇ ಡೇಟ್‌ವ್ಯಾಲ್ಯೂ ಫಂಕ್ಷನ್‌ನಲ್ಲಿ ಸುತ್ತಿ ಹೋಲಿಸುವುದು ಇನ್ನೊಂದು ರೂಢಿ. ಅದು ಬೇಡ. ಫೀಲ್ಡ್‌ಗೆ ಇಂಡೆಕ್ಸ್ (ಬೇಗ ಹುಡುಕಲು ಮಾಡಿಟ್ಟ ಸೂಚಿ) ಇದ್ದರೂ ಬಳಕೆಗೆ ಬರುವುದಿಲ್ಲ, ದೊಡ್ಡ ಟೇಬಲ್‌ನಲ್ಲಿ ಕ್ವೆರಿ ತೆವಳುತ್ತದೆ. ದಿನಾಂಕವೇ ಇಲ್ಲದ ಸಾಲು ಸಿಕ್ಕಿದರೆ ಎರರ್ ಬೇರೆ.

ಅಕ್ಷರವಾಗಿ ಕೂತ ದಿನಾಂಕ

ಟೇಬಲ್ ಡಿಸೈನ್ ತೆರೆದು ಫೀಲ್ಡ್‌ನ ಬಗೆ ನೋಡಿ. ಎಲ್ಲಿಂದಲೋ ಇಂಪೋರ್ಟ್ ಮಾಡಿದ ಟೇಬಲ್ ಆದರೆ ಅದು ಟೆಕ್ಸ್ಟ್ ಆಗಿರುವ ಸಾಧ್ಯತೆ ಇದೆ. ಟೆಕ್ಸ್ಟ್ ಆದರೆ ಹೋಲಿಕೆ ನಡೆಯುವುದು ಅಕ್ಷರ ಅಕ್ಷರವಾಗಿ. "03/11/2024" ಎಂಬುದು "15/02/2023"ಕ್ಕಿಂತ ಚಿಕ್ಕದು, ಯಾಕೆಂದರೆ ಸೊನ್ನೆ ಒಂದಕ್ಕಿಂತ ಮೊದಲು ಬರುತ್ತದೆ. ಹೊಸ ದಿನಾಂಕದ ಫೀಲ್ಡ್ ಸೇರಿಸಿ, ಅಪ್‌ಡೇಟ್ ಕ್ವೆರಿಯಿಂದ ಒಮ್ಮೆ ಬದಲಾಯಿಸಿಕೊಂಡರೆ ಮುಗಿಯಿತು. ಬದಲಾಯಿಸುವಾಗ ದಿನ, ತಿಂಗಳು, ವರ್ಷವನ್ನು ಬೇರೆ ಬೇರೆ ಕತ್ತರಿಸಿ ಡೇಟ್‌ಸೀರಿಯಲ್ ಫಂಕ್ಷನ್‌ಗೆ ಕೊಡಿ. ಅದು ಯಾವ ಸೆಟ್ಟಿಂಗನ್ನೂ ಕೇಳುವುದಿಲ್ಲ.

ಫೀಲ್ಡ್ ಸರಿಯಾಗಿ ದಿನಾಂಕವೇ ಆಗಿದ್ದರೂ ಕ್ವೆರಿಯಲ್ಲಿ ಅಕ್ಷರವಾಗುವ ಒಂದು ಜಾಗ ಇದೆ. ಚಂದ ಕಾಣಲಿ ಎಂದು ಕಾಲಂನಲ್ಲಿ ಫಾರ್ಮ್ಯಾಟ್ ಫಂಕ್ಷನ್ ಹಾಕಿ, ಆ ಕಾಲಂನ ಕೆಳಗೇ ಷರತ್ತು ಬರೆದಿರುತ್ತಾರೆ. ಫಾರ್ಮ್ಯಾಟ್ ಫಂಕ್ಷನ್‌ನಿಂದ ಹೊರಗೆ ಬರುವುದು ಯಾವಾಗಲೂ ಅಕ್ಷರ. ಡೇಟಾಶೀಟ್‌ನಲ್ಲಿ ಎಡಕ್ಕೆ ಒತ್ತಿಕೊಂಡು ಕಂಡರೆ ಅಕ್ಷರ, ಬಲಕ್ಕೆ ಕಂಡರೆ ದಿನಾಂಕ. ನೋಡಿದ ಕೂಡಲೇ ಗೊತ್ತಾಗುವ ಗುರುತು ಇದು, ಅಲೈನ್‌ಮೆಂಟ್ ಯಾರೂ ಬದಲಾಯಿಸಿರದಿದ್ದರೆ. ಷರತ್ತನ್ನು ಮೂಲ ಫೀಲ್ಡ್‌ನ ಕೆಳಗೆ ಹಾಕಿ, ಚಂದ ಕಾಣುವ ಕೆಲಸವನ್ನು ಫಾರ್ಮ್‌ನ ಕಂಟ್ರೋಲ್‌ಗೆ ಬಿಡಿ.

ಖಾಲಿ ಬಾಕ್ಸ್

ಬಾಕ್ಸ್ ಖಾಲಿ ಬಿಟ್ಟರೆ "ಎಲ್ಲವನ್ನೂ ತೋರಿಸು" ಎಂದು ಅರ್ಥವಾಗಲಿ ಎಂದು ನಾವು ಬಯಸುತ್ತೇವೆ. ಆ್ಯಕ್ಸೆಸ್‌ಗೆ ಖಾಲಿ ಅಂದರೆ ನಲ್. ನಲ್ ಜೊತೆ ಯಾವುದನ್ನು ಹೋಲಿಸಿದರೂ ಉತ್ತರ ಹೌದು ಎಂದೂ ಬರುವುದಿಲ್ಲ, ಇಲ್ಲ ಎಂದೂ ಬರುವುದಿಲ್ಲ, ಮತ್ತೆ ನಲ್ಲೇ ಬರುತ್ತದೆ. ಹೌದು ಎಂದು ಬಂದ ಸಾಲುಗಳನ್ನು ಮಾತ್ರ ಕ್ವೆರಿ ಕೊಡುತ್ತದೆ. ಹಾಗಾಗಿ ಖಾಲಿ ಬಾಕ್ಸ್‌ಗೆ ಖಾಲಿ ಫಾರ್ಮ್. ಷರತ್ತಿಗೆ ಒಂದು ಆರ್ (ಅಥವಾ) ಸೇರಿಸಿ, ಬಾಕ್ಸ್ ಈಸ್ ನಲ್ ಆಗಿದ್ದರೂ ಸರಿ ಎಂದು ಬರೆಯಿರಿ. ಎರಡೂ ಸೇರಿ ಒಂದು ಆವರಣದೊಳಗೆ ಇರಲಿ, ಇಲ್ಲದಿದ್ದರೆ ಪಕ್ಕದ ಷರತ್ತಿನ ಜೊತೆ ಕಲಸಿಹೋಗುತ್ತದೆ.

ಬಾಕ್ಸ್‌ನಲ್ಲಿ ದಿನಾಂಕ ಕಾಣುತ್ತಿದ್ದರೂ ಅದು ಖಾಲಿ ಇರಬಹುದು, ಇದು ಸ್ವಲ್ಪ ವಿಚಿತ್ರ. ಟೈಪ್ ಮಾಡಿ ಹೊರಗೆ ಬರುವವರೆಗೆ ಕಂಟ್ರೋಲ್‌ನ ವ್ಯಾಲ್ಯೂ ಹಳೆಯದೇ ಇರುತ್ತದೆ. ಬಾಕ್ಸ್‌ನ ಆನ್ ಚೇಂಜ್ ಘಟನೆಯಲ್ಲಿ ಕ್ವೆರಿ ಓಡಿಸಿದರೆ ಹಳೆಯ ಬೆಲೆಗೇ ಓಡುತ್ತದೆ. ಆಫ್ಟರ್ ಅಪ್‌ಡೇಟ್ ಘಟನೆಗೆ ಕೋಡ್ ಸರಿಸಿ.

ಬೆಲೆ ಕೇಳುವ ಕಿಟಕಿ

ಎಂಟರ್ ಪ್ಯಾರಾಮೀಟರ್ ವ್ಯಾಲ್ಯೂ ಎಂಬ ಕಿಟಕಿ ಬಂದರೆ ಅದರಲ್ಲಿ ಬರೆದಿರುವ ಹೆಸರನ್ನು ಗಮನ ಕೊಟ್ಟು ಓದಿ. ಜನ ಅದನ್ನು ಮುಚ್ಚುವ ಅವಸರದಲ್ಲಿ ಓದುವುದೇ ಇಲ್ಲ. ಆ ಹೆಸರೇ ಆ್ಯಕ್ಸೆಸ್‌ಗೆ ಸಿಗದ ಹೆಸರು. ಕಾಗುಣಿತ ತಪ್ಪಿರಬಹುದು, ಕಂಟ್ರೋಲ್‌ನ ಹೆಸರು ಬದಲಾಗಿರಬಹುದು, ಫಾರ್ಮ್ ಮುಚ್ಚಿರಬಹುದು. ಬಾಕ್ಸ್ ಇರುವುದು ಸಬ್‌ಫಾರ್ಮ್‌ನಲ್ಲಿ (ಫಾರ್ಮ್‌ನ ಒಳಗೆ ಇಟ್ಟ ಇನ್ನೊಂದು ಫಾರ್ಮ್‌ನಲ್ಲಿ) ಆದರೆ ದಾರಿ ಇನ್ನೂ ಉದ್ದ: ಮುಖ್ಯ ಫಾರ್ಮ್, ಅದರಲ್ಲಿ ಸಬ್‌ಫಾರ್ಮ್ ಇಟ್ಟಿರುವ ಕಂಟ್ರೋಲ್‌ನ ಹೆಸರು, ಆಮೇಲೆ ಚುಕ್ಕೆ ಫಾರ್ಮ್, ಆಮೇಲೆ ಬಾಕ್ಸ್. ಸಬ್‌ಫಾರ್ಮ್ ಕಂಟ್ರೋಲ್‌ನ ಹೆಸರು ಒಳಗಿರುವ ಫಾರ್ಮ್‌ನ ಹೆಸರೇ ಆಗಿರಬೇಕು ಎಂದೇನಿಲ್ಲ. ಎಡವುವುದು ಇಲ್ಲೇ.

ಅದೇ ಕ್ವೆರಿಯನ್ನು ಕೋಡ್‌ನಿಂದ ಓಪನ್ ರೆಕಾರ್ಡ್‌ಸೆಟ್ ಮೂಲಕ ತೆರೆದರೆ ಕಿಟಕಿ ಬರುವುದಿಲ್ಲ, 3061 ಎರರ್ ಬರುತ್ತದೆ. ಪ್ಯಾರಾಮೀಟರ್ (ಕ್ವೆರಿಗೆ ಹೊರಗಿನಿಂದ ಕೊಡುವ ಬೆಲೆ) ಸಾಲದು, ಎರಡು ಬೇಕಿತ್ತು ಎಂದು ಹೇಳುತ್ತದೆ. ಫಾರ್ಮ್ ಎಂದರೇನು ಎಂಬುದು ಕೆಳಗಿನ ಡೇಟಾಬೇಸ್ ಎಂಜಿನ್‌ಗೆ ಗೊತ್ತಿಲ್ಲ, ಅದು ಗೊತ್ತಿರುವುದು ಮೇಲಿನ ಆ್ಯಕ್ಸೆಸ್‌ಗೆ. ಕೋಡ್‌ನಲ್ಲಿ ಆ ಕ್ವೆರಿಯ ಕ್ವೆರಿಡೆಫ್ (ಕ್ವೆರಿಯನ್ನು ಪ್ರತಿನಿಧಿಸುವ ಆಬ್ಜೆಕ್ಟ್) ತೆರೆದು ಅದರ ಒಂದೊಂದು ಪ್ಯಾರಾಮೀಟರ್‌ಗೂ ಬೆಲೆಯನ್ನು ನೀವೇ ತುಂಬಬೇಕು.

ಕ್ವೆರಿ ಸರಿ, ಫಾರ್ಮ್ ಮಾತ್ರ ಖಾಲಿ

ಈಗ ಫಾರ್ಮ್‌ನ ಸರದಿ. ಖಾಲಿ ಹೇಗಿದೆ ಎಂದು ನೋಡಿ. ಬಾಕ್ಸ್‌ಗಳೆಲ್ಲ ಇವೆ, ಒಳಗೆ ಏನಿಲ್ಲ ಎಂದಾದರೆ ಫಾರ್ಮ್ ಹೊಸ ರೆಕಾರ್ಡ್‌ನಲ್ಲಿ ನಿಂತಿದೆ. ಪ್ರಾಪರ್ಟಿ ಶೀಟ್‌ನಲ್ಲಿ ಡೇಟಾ ಎಂಟ್ರಿ ಎಂಬುದು ಯೆಸ್ ಆಗಿದೆಯೇ ನೋಡಿ. ಯೆಸ್ ಇದ್ದರೆ ಹಳೆಯ ಸಾಲುಗಳನ್ನು ಅದು ತೋರಿಸುವುದೇ ಇಲ್ಲ. ಕೆಳಭಾಗದ ಬಾಕ್ಸ್‌ಗಳೇ ಮಾಯವಾಗಿ ಬರೀ ಬಣ್ಣ ಕಂಡರೆ ಅದು ಬೇರೆ ವಿಷಯ. ಸಾಲು ಒಂದೂ ಇಲ್ಲ, ಹೊಸದು ಸೇರಿಸಲೂ ಅವಕಾಶ ಇಲ್ಲ ಎಂದಾಗ ಆ್ಯಕ್ಸೆಸ್ ಡೀಟೇಲ್ ಭಾಗವನ್ನು ಬೋಳಾಗಿಸುತ್ತದೆ. ಸೇರಿಸಲು ಬಿಡುವ ಅಲೋ ಅಡಿಷನ್ಸ್ ಪ್ರಾಪರ್ಟಿ ನೋ ಆಗಿರಬಹುದು, ಅಥವಾ ಮೊತ್ತ ತೆಗೆಯುವಂಥ, ತಿದ್ದಲು ಬಾರದ ಕ್ವೆರಿ ಆಗಿರಬಹುದು. ದಿನಾಂಕ ಹಾಕುವ ಬಾಕ್ಸ್‌ಗಳನ್ನು ಡೀಟೇಲ್‌ನಲ್ಲಿ ಇಟ್ಟಿದ್ದರೆ ಅವೂ ಮಾಯ, ಬೇರೆ ದಿನಾಂಕ ಹಾಕಲೂ ದಾರಿ ಇಲ್ಲ. ಅವನ್ನು ಹೆಡರ್‌ಗೆ ಸರಿಸಿ.

ದಿನಾಂಕ ಬದಲಾಯಿಸಿದರೂ ಹಳೆಯ ಪಟ್ಟಿಯೇ ಉಳಿದಿದ್ದರೆ ಕೋಡ್‌ನಲ್ಲಿ ರಿಫ್ರೆಶ್ ಇದೆಯೋ ರೀಕ್ವೆರಿ ಇದೆಯೋ ನೋಡಿ. ರಿಫ್ರೆಶ್ ಈಗಿರುವ ಸಾಲುಗಳ ಬದಲಾವಣೆಯನ್ನಷ್ಟೇ ತರುತ್ತದೆ. ಷರತ್ತನ್ನು ಹೊಸದಾಗಿ ಲೆಕ್ಕ ಹಾಕಿಸಬೇಕಾದರೆ ರೀಕ್ವೆರಿಯೇ ಬೇಕು. ಫಿಲ್ಟರ್ ಪ್ರಾಪರ್ಟಿ ಬಳಸುವವರು ಫಿಲ್ಟರ್ ಆನ್ ಎಂಬುದನ್ನೂ ಟ್ರೂ ಮಾಡಬೇಕು. ಹಳೆಯ ಫಿಲ್ಟರ್ ಫಾರ್ಮ್‌ನಲ್ಲಿ ಸೇವ್ ಆಗಿ ಕೂತು ಹೊಸ ಷರತ್ತಿನ ಮೇಲೆ ಇನ್ನೊಂದು ಜರಡಿ ಹಿಡಿಯುತ್ತಿರುವುದೂ ಉಂಟು.

ಸಬ್‌ಫಾರ್ಮ್ ಇದ್ದರೆ ಎರಡು ವಿಷಯ. ಒಂದು, ಮಾಸ್ಟರ್ ಮತ್ತು ಚೈಲ್ಡ್ ಲಿಂಕ್ ಫೀಲ್ಡ್‌ಗಳು ದಿನಾಂಕದ ಷರತ್ತಿನ ಜೊತೆಗೆ ಇನ್ನೊಂದು ಷರತ್ತಾಗಿ ಕೆಲಸ ಮಾಡುತ್ತವೆ, ಬೇಡದಿದ್ದರೆ ತೆಗೆಯಿರಿ. ಎರಡು, ಸಬ್‌ಫಾರ್ಮ್ ಮುಖ್ಯ ಫಾರ್ಮ್‌ಗಿಂತ ಮೊದಲು ಲೋಡ್ ಆಗುತ್ತದೆ. ಮುಖ್ಯ ಫಾರ್ಮ್‌ನ ಲೋಡ್ ಘಟನೆಯಲ್ಲಿ ನೀವು ದಿನಾಂಕ ತುಂಬುವ ಹೊತ್ತಿಗೆ ಸಬ್‌ಫಾರ್ಮ್‌ನ ಕ್ವೆರಿ ಓಡಿ ಮುಗಿದಿರುತ್ತದೆ. ದಿನಾಂಕ ತುಂಬಿದ ಮೇಲೆ ಸಬ್‌ಫಾರ್ಮ್‌ಗೆ ಒಂದು ರೀಕ್ವೆರಿ ಕೊಡಿ.

#ನೇಮ್? ಎಂದು ಕಂಡರೆ ಅದು ಖಾಲಿ ಅಲ್ಲ, ಕಂಟ್ರೋಲ್ ಸೋರ್ಸ್‌ನಲ್ಲಿರುವ ಫೀಲ್ಡ್ ಕ್ವೆರಿಯಲ್ಲಿ ಇಲ್ಲ ಎಂದರ್ಥ.

ಇಲ್ಲಿ ನಡೆಯುತ್ತದೆ, ಅಲ್ಲಿ ನಡೆಯುವುದಿಲ್ಲ

ಒಂದು ಕಂಪ್ಯೂಟರ್‌ನಲ್ಲಿ ಸರಿ, ಇನ್ನೊಂದರಲ್ಲಿ ಖಾಲಿ ಎಂದಾದರೆ ಮೊದಲು ಎರಡರ ಪ್ರಾದೇಶಿಕ ಸೆಟ್ಟಿಂಗ್ ಹೋಲಿಸಿ. ವ್ಯತ್ಯಾಸ ಇದ್ದರೆ ಮೇಲೆ ಹೇಳಿದ ಹ್ಯಾಷ್‌ನ ಕಥೆಯೇ ಇದು. ಸೆಟ್ಟಿಂಗ್ ಬದಲಾಯಿಸಿ ಸುಮ್ಮನಾಗಬೇಡಿ, ಕೋಡ್ ತಿದ್ದಿ. ಬಟನ್ ಒತ್ತಿದರೆ ಏನೂ ಆಗದಿದ್ದರೆ ಮೇಲೆ ಹಳದಿ ಪಟ್ಟಿ ಇದೆಯೇ ನೋಡಿ. ಕಂಟೆಂಟ್‌ಗೆ ಅನುಮತಿ ಕೊಡುವವರೆಗೆ ಕೋಡ್ ಓಡುವುದಿಲ್ಲ. ಡೇಟ್, ಫಾರ್ಮ್ಯಾಟ್‌ನಂಥ ಸಾಮಾನ್ಯ ಫಂಕ್ಷನ್‌ಗಳೇ ಗೊತ್ತಿಲ್ಲ ಎಂದು ಆ್ಯಕ್ಸೆಸ್ ಹೇಳಿದರೆ ಕೋಡ್ ಎಡಿಟರ್‌ನ ಟೂಲ್ಸ್ ಮೆನುವಿನಲ್ಲಿ ರೆಫರೆನ್ಸಸ್ ತೆರೆಯಿರಿ. ಮಿಸ್ಸಿಂಗ್ ಎಂದು ಬರೆದ ಸಾಲು ಇರುತ್ತದೆ. ಆ ಲೈಬ್ರರಿಗೂ ದಿನಾಂಕಕ್ಕೂ ನೇರ ಸಂಬಂಧ ಇಲ್ಲದಿದ್ದರೂ ಅದೊಂದು ಕೆಟ್ಟರೆ ಉಳಿದ ಫಂಕ್ಷನ್‌ಗಳೂ ಕೆಡುತ್ತವೆ. ಟೇಬಲ್‌ನಲ್ಲಿ ಫೀಲ್ಡ್‌ಗೇ ಡೇಟ್ ಎಂದು ಹೆಸರಿಟ್ಟಿದ್ದರೆ ಫಂಕ್ಷನ್‌ನ ಹೆಸರಿನ ಜೊತೆ ಗೊಂದಲವಾಗುತ್ತದೆ. ಹೆಸರು ಬದಲಾಯಿಸಿ, ಆಗದಿದ್ದರೆ ಚೌಕ ಆವರಣದಲ್ಲಿ ಬರೆಯಿರಿ.

ಟೇಬಲ್ ಎಸ್‌ಕ್ಯೂಎಲ್ ಸರ್ವರ್‌ನಲ್ಲಿದ್ದು ಆ್ಯಕ್ಸೆಸ್‌ಗೆ ಲಿಂಕ್ ಆಗಿದ್ದರೆ ಇನ್ನೊಂದು ಕೆಲಸ ಇದೆ. ವಿಂಡೋಸ್ ಜೊತೆ ಬರುವ ಹಳೆಯ ಎಸ್‌ಕ್ಯೂಎಲ್ ಸರ್ವರ್ ಡ್ರೈವರ್, ಸರ್ವರ್‌ನ ಡೇಟ್ ಮತ್ತು ಡೇಟ್‌ಟೈಮ್2 ಬಗೆಯ ಕಾಲಂಗಳನ್ನು ಆ್ಯಕ್ಸೆಸ್‌ಗೆ ಟೆಕ್ಸ್ಟ್ ಎಂದು ತೋರಿಸುತ್ತದೆ. ಸರ್ವರ್‌ನಲ್ಲಿ ದಿನಾಂಕ, ಇಲ್ಲಿ ಅಕ್ಷರ. ಲಿಂಕ್ ಆದ ಟೇಬಲ್‌ನ ಡಿಸೈನ್ ತೆರೆದು ಬಗೆ ನೋಡಿದರೆ ಗೊತ್ತಾಗುತ್ತದೆ. ಹೊಸ ಒಡಿಬಿಸಿ ಡ್ರೈವರ್ (ಆ್ಯಕ್ಸೆಸ್ ಮತ್ತು ಸರ್ವರ್ ನಡುವಿನ ಕೊಂಡಿ) ಹಾಕಿ ಟೇಬಲ್‌ಗಳನ್ನು ಮತ್ತೆ ಲಿಂಕ್ ಮಾಡಿ. ವಾಕ್ಯವನ್ನು ನೇರವಾಗಿ ಸರ್ವರ್‌ಗೆ ಕಳಿಸುವ ಪಾಸ್‌ಥ್ರೂ ಕ್ವೆರಿ ಆದರೆ ಹ್ಯಾಷ್ ನಡೆಯುವುದಿಲ್ಲ, ಒಂಟಿ ಉದ್ಧರಣ ಚಿಹ್ನೆ ಬೇಕು. ಅಲ್ಲಿ '2024-04-03' ಕೂಡ ಪೂರ್ತಿ ಸುರಕ್ಷಿತ ಅಲ್ಲ. ಹಳೆಯ ಡೇಟ್‌ಟೈಮ್ ಬಗೆಯ ಕಾಲಂ ಇದ್ದು, ಲಾಗಿನ್‌ನ ಭಾಷೆ ದಿನವನ್ನು ಮೊದಲು ಇಡುವಂಥದ್ದಾದರೆ ಸರ್ವರ್ ಅದನ್ನು ಮಾರ್ಚ್ 4 ಎಂದು ಓದುತ್ತದೆ. ಹೈಫನ್ ತೆಗೆದು '20240403' ಎಂದು ಎಂಟು ಅಂಕಿ ಒಟ್ಟಿಗೆ ಬರೆಯಿರಿ. ಕೊನೆಯ ದಿನಕ್ಕೆ 23:59:59.999 ಅಂಟಿಸುವ ಅಭ್ಯಾಸ ಇದ್ದರೆ ಅದನ್ನೂ ಇಲ್ಲಿ ಬಿಡಿ. ಡೇಟ್‌ಟೈಮ್ ಬಗೆ ಸೆಕೆಂಡ್‌ನ 300ರಲ್ಲಿ ಒಂದು ಭಾಗದಷ್ಟೇ ನಿಖರ, ಆ 999 ಮುಂದಿನ ದಿನದ ಮಧ್ಯರಾತ್ರಿಗೆ ಜಾರುತ್ತದೆ. ಮರುದಿನ ಗಂಟೆ ಇಲ್ಲದೆ ದಾಖಲಾದ ಆರ್ಡರ್‌ಗಳೆಲ್ಲ ನಿಮ್ಮ ಪಟ್ಟಿಗೆ ಬಂದು ಸೇರುತ್ತವೆ. ಇಲ್ಲೂ ಒಂದು ದಿನ ಕೂಡಿಸಿ < ಹಾಕುವುದೇ ಸರಿ.

ತಿದ್ದಿದ ಮೇಲೆ ಪರೀಕ್ಷೆಗೆ ದಿನಾಂಕ ಆರಿಸುವಾಗ ಇವತ್ತಿನದ್ದನ್ನೇ ಹಾಕಿ ಮುಗಿಸಬೇಡಿ. ದಿನವೂ ತಿಂಗಳೂ 12ರ ಒಳಗಿದ್ದು ಒಂದಕ್ಕೊಂದು ಬೇರೆಯಾಗಿರುವ ದಿನ ಒಂದು ಇರಲಿ, ಏಪ್ರಿಲ್ 3 ಇದ್ದ ಹಾಗೆ. ಏಪ್ರಿಲ್ 4 ಹಾಕಿದರೆ ಅದಲುಬದಲಾದರೂ ಗೊತ್ತಾಗುವುದಿಲ್ಲ. ತಿಂಗಳ ಕೊನೆಯ ದಿನ ಸಂಜೆ ದಾಖಲಾದ ಒಂದು ರೆಕಾರ್ಡ್ ಇರಲಿ. ಎರಡೂ ಬಾಕ್ಸ್ ಖಾಲಿ ಬಿಟ್ಟು ಒಮ್ಮೆ, ಒಂದನ್ನು ಮಾತ್ರ ತುಂಬಿ ಒಮ್ಮೆ ಓಡಿಸಿ. ಒಂದೂ ರೆಕಾರ್ಡ್ ಇಲ್ಲದ ದಿನವನ್ನೂ ಹಾಕಿ ನೋಡಿ. ಆಗ ಫಾರ್ಮ್ ಖಾಲಿಯೇ ಬರಬೇಕು, ಜೊತೆಗೆ "ಈ ಅವಧಿಯಲ್ಲಿ ರೆಕಾರ್ಡ್ ಇಲ್ಲ" ಎಂಬ ಒಂದು ಸಾಲನ್ನು ಹೆಡರ್‌ನಲ್ಲಿ ತೋರಿಸಿದರೆ ಬಳಸುವವರು ನಿಮಗೆ ಫೋನ್ ಮಾಡುವುದು ಕಡಿಮೆಯಾಗುತ್ತದೆ.